ಮಂಗಳವಾರ, ಮೂರೂವರೆಗೆ

ಕೆಮಿಯಾರ್ವಿಯಲ್ಲಿ ಡಿಸೆಂಬರ್ ಎಂದರೆ
ಮಧ್ಯಾಹ್ನ ಎರಡಕ್ಕೇ ದೀಪ.
ಬೂಟಿನ ಹಿಮ ಕೊಡವಿ ಒಳಬಂದವರು
ಮೊದಲು ನೋಡುವುದು ಪುಸ್ತಕವನ್ನಲ್ಲ,
ಬಾಗಿಲ ಬಳಿಯ ಹಲಗೆಯನ್ನು.
ಅದರ ಮೇಲೆ ದಿನಾ ಬೆಳಿಗ್ಗೆ
ಸೀಮೆಸುಣ್ಣದಲ್ಲಿ ಬರೆಯುವವಳು ನಾನು.

ಹತ್ತಕ್ಕೆ ಹಾಲುಹಲ್ಲಿನವರ ಪ್ರಾಸ:
ತೊಡೆಯೇ ಕುದುರೆ, ಚಪ್ಪಾಳೆಯೇ ಚಾಟಿ,
ಒಬ್ಬ ಅಪ್ಪ ಮಾತ್ರ ಪ್ರತಿವಾರ ತಾಳ ತಪ್ಪುತ್ತಾನೆ.
ಹನ್ನೆರಡರಿಂದ ಹೊಲಿಗೆ ಯಂತ್ರ, ತಾಸಿಗೆ ಒಬ್ಬರು.
ಅಲೆಪ್ಪೊದಲ್ಲಿ ಮದುಮಗಳಂದಿರ ಉಡುಪಿಗೆ
ಮುತ್ತು ಕೂರಿಸುತ್ತಿದ್ದ ರುವೈದಾ
ಈಗ ಮಗಳ ಹಿಮದ ಚಲ್ಲಣಕ್ಕೆ
ಮೊಣಕಾಲ ತೇಪೆ ಹಾಕುತ್ತಿದ್ದಾಳೆ,
ತೇಪೆಯ ಅಂಚಿಗೂ ಒಂದು ಬಳ್ಳಿ ಬಿಟ್ಟು.
ಒಂದಕ್ಕೆ ಸಿರ್ಕ್ಕ ಅಜ್ಜಿಯ ಹೆಣಿಗೆ ಕೂಟ,
ಅಲ್ಲಿ ನೂಲಿಗಿಂತ ಊರ ಸುದ್ದಿಯೇ ಉದ್ದ.

ಮೂರೂವರೆಗೆ: ನಾಯಿಗೆ ಓದಿ.

ನಾಯಿಯ ಹೆಸರು ಹಿಲ್ಲ. ಹದಿಮೂರು ವರ್ಷ.
ಜೌಗಿನ ಹಣ್ಣಿನ ಬಣ್ಣ, ಒಂದು ಕಿವಿ ಮಡಿಕೆ.
ಮಕ್ಕಳ ಮೂಲೆಯ ಚಾಪೆಯ ಮೇಲೆ ಒರಗಿ
ಯಾರು ಏನು ಓದಿದರೂ ಒಪ್ಪಿಕೊಳ್ಳುವುದು ಅದರ ಕಸುಬು.
ಓಯ್ವನಿಗೆ ಏಳು.
ಮಾತು ಅವನ ಗಂಟಲಲ್ಲಿ
ತಣ್ಣಗಾದ ಬೀಗದ ಹಾಗೆ ಕಚ್ಚಿಕೊಳ್ಳುತ್ತದೆ.
ನಮ್ಮ ಭಾಷೆಯೋ, ಒತ್ತಿನ ಮೇಲೆ ನಿಂತದ್ದು:
ಕುಕ್ಕ ಅಂದರೆ ಹೂವು;
ಒಂದು ಒತ್ತು ಜಾರಿದರೆ ಕುಕ, ಅಂದರೆ 'ಯಾರು'.
ತರಗತಿಯಲ್ಲಿ ಅವನ ತೋಟದ ತುಂಬ
ಯಾರು, ಯಾರು, ಯಾರು ಅರಳಿ
ಹುಡುಗರೆಲ್ಲ ನಕ್ಕರಂತೆ.
ಹಿಲ್ಲ ನಗಲಿಲ್ಲ. ಅದರ ಬೆನ್ನ ಮೇಲೆ ಅಂಗೈಯಿಟ್ಟು
ಅಕ್ಟೋಬರಿನಿಂದ ಅವನು ಹನ್ನೊಂದು ಪುಟ ದಾಟಿದ್ದ.

ಈ ಮಂಗಳವಾರ ಮಿರ್ಯಳ ಫೋನು ಬಂತು:
ಸೊಂಟ ಸೋತಿದೆ, ಏಳುತ್ತಿಲ್ಲ, ಇನ್ನು ಬರುವುದಿಲ್ಲ.
ಹಲಗೆಯ ಕೊನೆಯ ಸಾಲು ಒರೆಸಬೇಕಿತ್ತು.
ಒದ್ದೆ ಬಟ್ಟೆ ಹುಡುಕುವಷ್ಟರಲ್ಲಿ
ಓಯ್ವ ಆಗಲೇ ಬೂಟು ಬಿಚ್ಚಿ
ಕಾಲುಚೀಲದಲ್ಲಿ ಚಾಪೆಯ ಅಂಚಿಗೆ ನಿಂತಿದ್ದ,
ಹನ್ನೆರಡನೆಯ ಪುಟಕ್ಕೆ ಬೆರಳಿಟ್ಟುಕೊಂಡು.

ನಾನು ಹೇಳಿದ್ದು ನನಗೇ ಹಿಡಿಸಲಿಲ್ಲ.

ಪತ್ರಿಕೆಯ ಮೇಜಿನಿಂದ ಕುರ್ಚಿ ಸರಿದ ಸದ್ದು.
ತೌನೊ. ಮುಚ್ಚಿಹೋದ ಕಾಗದದ ಗಿರಣಿಯಲ್ಲಿ
ಮೂವತ್ತೆಂಟು ವರ್ಷ ದುಡಿದು
ಕಿವಿ ಅಲ್ಲೇ ಬಿಟ್ಟುಬಂದವನು.
ದಿನಾ ಬರುತ್ತಾನೆ, ಭೂತಗನ್ನಡಿ ಹಿಡಿದು
ಮರಣವಾರ್ತೆ ಓದುತ್ತಾನೆ, ತುಟಿ ಬಿಚ್ಚದೆ ಹೋಗುತ್ತಾನೆ.
ಎರಡೂ ಕಿವಿಯ ಮಿಷನ್ನು ಕಳಚಿ
ಅವರೆಕಾಳಿನಂತೆ ಪತ್ರಿಕೆಯ ಮೇಲಿಟ್ಟ.
ಒಂದೊಂದೇ ಮೊಣಕಾಲು ಮಡಿಸಿ, ಲಟಲಟ,
ಚಾಪೆಯ ಮೇಲೆ ಮಗ್ಗುಲಾಗಿ ಒರಗಿ ಅಂದ,
ಕಿವುಡರ ಆ ಜೋರು ದನಿಯಲ್ಲಿ:
'ಓದು. ನಾನು ತಿದ್ದುವುದಿಲ್ಲ.'

ಹುಡುಗ ನನ್ನ ಮುಖ ನೋಡಿದ.
ಪುಸ್ತಕ ನೋಡಿದ. ಆ ಉಣ್ಣೆಯಂಗಿಯ ಬೆನ್ನು ನೋಡಿದ.
'ಹಿಲ್ಲಗೆ ಕೇಳಿಸ್ತಿತ್ತು' ಎಂದ, ತೊದಲದೆ,
ದೂರಿನ ಹಾಗೆ.
ಆಮೇಲೆ ಕೂತು, ಅಂಗೈಯನ್ನು
ಮುದುಕನ ಬೆನ್ನ ಮೇಲಿಟ್ಟ.

ಕಿವಿ ಕಳಚಿಟ್ಟು ಕಿವಿಗೊಟ್ಟವನನ್ನು
ನಾನು ಮೊದಲ ಸಲ ಕಂಡೆ.

ಹೆಣಿಗೆಯವರು ಹೋಗದೆ ಉಳಿದಿದ್ದರು. ಸೂಜಿ ನಿಂತಿತ್ತು.
ರುವೈದಾಳ ಕಾಲು ಪೆಡಲಿನ ಮೇಲೆ, ಒತ್ತದೆ.
ಹನ್ನೆರಡನೆಯ ಪುಟ ಹದಿನೇಳು ನಿಮಿಷ ನಡೆಯಿತು.

ಎದ್ದು ಕೋಟು ತೊಡುವಾಗ ತೌನೊ
ನನ್ನ ಬಳಿ ಬಂದು ಹೇಳಿದ: ಗಿರಣಿಯಲ್ಲಿ
ಯಾವ ಉರುಳೆ ಎಲ್ಲಿ ತಡವರಿಸುತ್ತದೆಂದು
ನೆಲಕ್ಕೆ ಅಂಗಾಲು ಊರಿ ತಿಳಿಯುತ್ತಿದ್ದೆವು.
ಹುಡುಗ ಸಿಕ್ಕಿಕೊಂಡದ್ದು ನಾಲ್ಕು ಕಡೆ.
ಬೆರಳಲ್ಲಿ ಗೊತ್ತಾಯಿತು. ನಾಲ್ಕೂ ಕಡೆ ತಾನೇ ಬಿಡಿಸಿಕೊಂಡ.
'ಬರುವ ವಾರ ದಿಂಬು ಇಟ್ಟಿರು' ಎಂದ.

ಪುರಸಭೆಗೆ ಕಳಿಸುವ ಲೆಕ್ಕದ ಹಾಳೆಯಲ್ಲಿ
ಭಾಗವಹಿಸಿದವರು ಎಂಬ ಕಾಲಮ್ಮು.
ನಾಯಿಯನ್ನು ಸೇರಿಸಬಹುದೇ ಎಂದು
ಶರತ್ಕಾಲದಲ್ಲಿ ಕೇಳಿದ್ದೆ, ಉತ್ತರವಿಲ್ಲ.
ಇಂದು ಅನುಮಾನವಿಲ್ಲದೆ ಬರೆದೆ: ಎರಡು.
ಮತ್ತೆ ಹೊಡೆದುಹಾಕಿ, ಅಜ್ಜಿಯರನ್ನೆಲ್ಲ ಎಣಿಸಿ: ಒಂಬತ್ತು.

ದೀಪ ಆರಿಸಲು ಹೋದಾಗ ನೋಡಿದೆ,
ಹಲಗೆಯ ಮೇಲೆ ಕೊನೆಯ ಸಾಲು ಹಾಗೇ ಇತ್ತು.
ಅದರ ಕೆಳಗೆ, ನನ್ನದಲ್ಲದ ಅಕ್ಷರದಲ್ಲಿ,
ಸೀಮೆಸುಣ್ಣ ಮುರಿಯುವಷ್ಟು ಒತ್ತಿ,
ಬಾಗಿಲ ಬಳಿ ಯಾರು ಅರಳಿದೆ.