ಆರನೇ ಹಾಸಿಗೆಯ ನೀರುಗಂಟಿ

ಕಬ್ಬಿನ ಟ್ರ್ಯಾಕ್ಟರು ಒರಗಿದ್ದು ಎಡಮಗ್ಗುಲಿಗೆ.
ಮುರಿದದ್ದು ಆರು ಪಕ್ಕೆಲುಬು, ಮೂರನೆಯದರಿಂದ ಎಂಟರವರೆಗೆ
ಒಂದನ್ನೂ ಬಿಟ್ಟಿಲ್ಲ.
ಹೊಂಬಾಳಯ್ಯ ಉಸಿರನ್ನು
ಚಿಟಿಕೆ ಚಿಟಿಕೆಯಾಗಿ ಎಳೆಯುತ್ತಾನೆ, ನಶ್ಯದ ಹಾಗೆ.
ಕೆಮ್ಮಬೇಕು. ಕೆಮ್ಮಲಾರ.
ಎದೆಯ ತಳದಲ್ಲಿ ಕಫ ಕೆಸರುಗಟ್ಟುತ್ತಿದೆ.

ಮಾರ್ಫಿನ್ ಏರಿಸಿದರೆ ನೋವಿನ ಜೊತೆ
ಉಸಿರೂ ತೂಕಡಿಸುತ್ತದೆ.
ಮಂಡ್ಯದ ಐಸಿಯುವಿನಲ್ಲಿ ರಾತ್ರಿ ಎರಡೂವರೆ.
ವೆಂಟಿಲೇಟರು ಮೂಲೆಯಲ್ಲಿ ಕಾಯುತ್ತಿದೆ,
ಕರೆದರೆ ಸಾಕು ಬರುತ್ತೇನೆ ಎಂಬ ನೆಂಟ.

ಸಿಸ್ಟರ್ ಶಿವಲೀಲಾ ಅವನನ್ನು ಬಲಕ್ಕೆ ಹೊರಳಿಸಿದಳು.
ಬೈಗುಳವೊಂದು ಅರ್ಧಕ್ಕೇ ನಿಂತಿತು, ದಮ್ಮು ಸಾಲದೆ.
ಬೆನ್ನಿಗೆ ತಣ್ಣನೆಯ ಜೆಲ್ಲು.
ಪರದೆಯಲ್ಲಿ ಬೂದುಬಣ್ಣದ ಪದರ, ಪದರ,
ಅದರಡಿ ಮೂಳೆಯ ತುದಿ, ಅದರ ಹಿಂದೆ ಕತ್ತಲು.

‘ಏನವ್ವಾ ಮಾಡ್ತಿದ್ದೀಯ?’
‘ತೂಬು ಮುಚ್ತಿದ್ದೀನಿ. ಊರಿಗೆಲ್ಲ ನಿದ್ದೆ ಬರಿಸಲ್ಲ,
ನಿಮ್ಮ ಎಡಗಡೆ ಗದ್ದೆಗೆ ಮಾತ್ರ.’

ಮೂವತ್ತೊಂದು ವರ್ಷ ವಿಸಿ ನಾಲೆಯ ತೂಬು
ಎತ್ತಿ ಇಳಿಸಿದವನು. ನನ್ನ ಮಾತಿಗೆ ನಗಲು ಹೋಗಿ
ನರಳಿದ.
‘ನೀರು ನಿಂತ್ಕಳಲ್ಲ ಕಣವ್ವ. ಇಲ್ಲಿ ಕಟ್ಟುದ್ರೆ
ಇನ್ನೆಲ್ಲೋ ಏರಿ ಒಡೀತದೆ. ನೋವು ಎಲ್ಗೋದದು?’

ನಾನು ಓದಿದ ಪುಸ್ತಕದಲ್ಲಿ ಇದಕ್ಕೆ ಪುಟವಿರಲಿಲ್ಲ.
ಸೂಜಿ ಮೂಳೆಗೆ ತಾಗಿತು. ಔಷಧಿ ಇಳಿಯಿತು.
ಸ್ನಾಯು ಮೆಲ್ಲಗೆ ಎದ್ದಿತು, ಒಣಗಿದ ಪಾತಿಗೆ
ಮೊದಲ ನೀರು ನುಗ್ಗಿದಾಗ ತರಗು ಏಳುವ ಹಾಗೆ.
ಕಪ್ಪು ಗೆರೆಯೊಂದು ಮೇಲಕ್ಕೂ ಕೆಳಕ್ಕೂ ಹರಿಯಿತು.
ಎಳೆಯಷ್ಟು ಸಣ್ಣ ನಳಿಕೆಯನ್ನು ಅಲ್ಲೇ ಬಿಟ್ಟು
ಪ್ಲಾಸ್ಟರು ಹಚ್ಚಿದೆ.

ಇಪ್ಪತ್ತು ನಿಮಿಷ. ಸ್ಪಿರಿಟ್ಟಿನ ಹತ್ತಿ ಪಕ್ಕೆಗೆ ಮುಟ್ಟಿಸಿದೆ.
‘ತಣ್ಣಗಿದೆಯಾ?’
‘ಇಲ್ಲ.’
‘ಇಲ್ಲಿ?’
‘ಅದು ಯಾರ್ದೋ ಮೈ.’

ಆಮೇಲೆ ಕೆಮ್ಮಿದ.
ಅಸಹ್ಯವಾದ, ಅಗಲವಾದ, ಗೊರಗೊರ ಕೆಮ್ಮು.
ಶಿವಲೀಲಾ ಬಟ್ಟಲು ಹಿಡಿದು, ಹೆರಿಗೆ ವಾರ್ಡಿನ ದನಿಯಲ್ಲಿ,
‘ಇನ್ನೊಂದು, ಹಾಂ, ಇನ್ನೊಂದು’ ಎಂದಳು.
ಮೂವರಿಗೂ ಬೆವರು.

ನಾಲ್ಕು ಗಂಟೆಗೆ ಕಣ್ಣು ಮುಚ್ಚಿಕೊಂಡೇ ಕೇಳಿದ,
ಹಳೆಯ ರೂಢಿ ಇರಬೇಕು:
‘ಮುಂದ್ಲು ಸರದಿ ಯಾರ್ದು?’

ಏಳನೇ ಹಾಸಿಗೆಯ ಕಡೆ ನೋಡಿದೆ.
ರಕ್ತ ಹೆಪ್ಪುಗಟ್ಟದ ಹುಡುಗಿ. ಸೂಜಿ ಚುಚ್ಚುವಂತಿಲ್ಲ.
ಅವಳ ಕೈ ಹಿಡಿದು ಕೂತಿದ್ದ ತಾಯಿ
ನನ್ನ ನೋಟ ಕಂಡು
ಎದ್ದು, ಸ್ಟೂಲನ್ನು ಪಕ್ಕಕ್ಕೆ ಸರಿಸಿ,
ನನಗೆ ಜಾಗ ಮಾಡಿಕೊಟ್ಟಳು.