ಎಂಬಿತ್ಯಾದಿ

ಕಮಿಷನರ್ ಕಚೇರಿಯಿಂದ ಒಂದು ನಮೂನೆ ಬಂದಿದೆ.
ಹೆಸರು, ಹುದ್ದೆ, ಮೆಟಲ್ ನಂಬರು, ಸೇವೆಯ ವರ್ಷ.
ಆಮೇಲೆ 'ಕೆಲಸದ ಒತ್ತಡಕ್ಕೆ ಕಾರಣ'.
ಎದುರಿಗೆ ಒಂದೇ ಗೆರೆ,
ಬೆರಳುದ್ದ.

ನಾನು ಬಂದರು ಠಾಣೆಯ ರೈಟರು.
ಹತ್ತೊಂಬತ್ತು ವರ್ಷ
ಜನರ ಬಾಯಿಯ ತುಳು, ಬ್ಯಾರಿ, ಕೊಂಕಣಿಯನ್ನೆಲ್ಲ
ಠಾಣೆಯ ಕನ್ನಡಕ್ಕೆ ಇಳಿಸಿದವ.
ಸದ್ರಿ ಆಸಾಮಿ, ಸದ್ರಿ ಸ್ಕೂಟರು, ಸದ್ರಿ ರಾತ್ರಿ.
ಯಾರ ಮನೆ ಹೇಗೆ ಮುರಿದರೂ ಕಡೆಗೆ ನನ್ನದೊಂದೇ ಮಾತು:
'ಎಂಬಿತ್ಯಾದಿಯಾಗಿ ಪಿರ್ಯಾದಿಯ ಸಾರಾಂಶ.'
ಮುಂದೆ ಕೇಳಲಾರೆ ಅನ್ನಿಸಿದ ಕಡೆ ಅದನ್ನು ಹಾಕುತ್ತೇನೆ.
ಇತ್ಯಾದಿ ಅಂದರೆ ಏನೇನು ಎಂದು
ಇವತ್ತಿನವರೆಗೆ ಒಬ್ಬ ವಕೀಲನೂ ಕೇಳಿಲ್ಲ.

ಸಂಜೆಯೊಳಗೆ ಮೂವತ್ತೆಂಟೂ ತಲುಪಬೇಕು.
ಜನವೆಲ್ಲ ಬಂದೋಬಸ್ತಿನಲ್ಲಿ.
'ನೀವೇ ತುಂಬಿಸಿ ಮಾರಾಯ್ರೆ' ಅಂದರು ಸಾಹೇಬರು,
ನಿಂತೇ ಚಾ ಕುಡಿದು ಜೀಪು ಹತ್ತಿದರು.

ಮೇಲಿನದು ಭೀಮಶಿ ತಳವಾರನದು, ಜಮಖಂಡಿ ಕಡೆಯವ.
ಮೊನ್ನೆ ಬೊಕ್ಕಪಟ್ಣದ ಬೋಟ್ ಯಾರ್ಡಿನ ಹಿಂದೆ
ಭರತದ ನೀರು ತಂದು ಬಿಟ್ಟ ಹುಡುಗನ ಪಕ್ಕ
ರಾತ್ರಿ ಹನ್ನೊಂದರಿಂದ ಬೆಳಕಾಗುವವರೆಗೆ
ಲಾಠಿ ನೆಲಕ್ಕೆ ಕುಟ್ಟಿ ನಾಯಿ ಓಡಿಸುತ್ತ ಕೂತವ ಅವನೇ.
ಬೆಳಿಗ್ಗೆ ತಾಯಿ ಬಂದಳು.
ಅವನ ಎರಡೂ ಕೈ ಹಿಡಿದು ಕೇಳಿದಳಂತೆ,
'ಆಯಗ್ ಬಡವಾತುಂಡಾ, ಬಡವಾತುಂಡಾ...'
ತುಳು ಬಾರದ ಭೀಮಶಿಗೆ ಒಂದೇ ಶಬ್ದ ಸಿಕ್ಕಿತು.
'ಹೌದಬೇ, ನಾವೂ ಬಡವರ' ಅಂದನಂತೆ,
ಅಂದು, ಅವಳ ಜೊತೆ ತಾನೂ ಅತ್ತನಂತೆ.
ಠಾಣೆಗೆ ಬಂದು ಬೂಟು ಕಳಚುತ್ತ ಕೇಳಿದ:
'ಖರೇ ಏನಂದ್ಳ್ರೀ ಸರ್, ಆಕಿ?'

ಬಡವು ಎಂದರೆ ನಮ್ಮಲ್ಲಿ ಹಸಿವು.
ಅವನಿಗೆ ಹಸಿವಾಗಿತ್ತಾ, ಎಂದು ಕೇಳಿದ್ದಳು ಅವಳು.
ನೀರಿಗಿಳಿಯುವ ಮೊದಲು ಮಗ ಉಂಡಿದ್ದನೇ ಇಲ್ಲವೇ ಎಂದು.
'ನೀನು ಅಂದುಕೊಂಡದ್ದೇ' ಎಂದೆ.
ಪಂಚನಾಮೆಯಲ್ಲಿ ಆ ಮಾತು
ನನ್ನ ಪದದ ಹೊಟ್ಟೆಯೊಳಗೆ ಹೋಗಿದೆ.

ಭೀಮಶಿಯ ಮೂರನೆಯ ರಜೆ ಅರ್ಜಿ ನನ್ನ ಡ್ರಾವರಿನಲ್ಲಿದೆ.
ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಬರೆದದ್ದು.
ಮಗುವಿಗೆ ಈಗ ಎರಡು ಹಲ್ಲು,
ಫೋನಿನಲ್ಲಿ ತೋರಿಸಿದ.

ವಾರಿಜಾ ಮೆರವಣಿಗೆಯ ದಿನ ನೀರು ಮುಟ್ಟುವುದಿಲ್ಲ.
ಹತ್ತು ಗಂಟೆ ನಿಲ್ಲುವ ತಿರುವಿನಲ್ಲಿ
ಹೆಂಗಸು ಹೋಗಿ ಬರುವ ಜಾಗ ಎಲ್ಲಿದೆ?
ಕಿಡ್ನಿಯಲ್ಲಿ ಕಲ್ಲು.
'ಚೆನ್ನಾಗಿ ನೀರು ಕುಡೀರಿ' ಎಂದು ಚೀಟಿ ಬರೆದ ಡಾಕ್ಟರ ಬಗ್ಗೆ
ಅವಳು ನಗುವುದನ್ನು ನೀವು ನೋಡಬೇಕು.

ಡ್ರೈವರ್ ಗಿಲ್ಬರ್ಟ್ ಮಿನೇಜಸ್ ಮಾತ್ರ ಏನೂ ಹೇಳುವವನಲ್ಲ.
ಅವನ ಕಾಲರು ಹಿಡಿದು ಹರಿದ ಹುಡುಗನಿಗೆ
ಅರ್ಧ ಗಂಟೆಯಲ್ಲಿ ಫೋನು ಬಂತು, ಮೇಲಿನಿಂದ.
ಹುಡುಗನಿಗೆ ಚಾ ತರಲು ಹೋದವ ಗಿಲ್ಬರ್ಟೇ.
ಬಿಸ್ಕಿಟು ಬೇಡ ಅಂದ ಹುಡುಗ.
ಆಮೇಲೆ ಠಾಣೆಯ ಹಿಂದಿನ ಕಟ್ಟೆಯಲ್ಲಿ
ಗಿಲ್ಬರ್ಟ್ ಅಂಗಿ ಬಿಚ್ಚಿ, ಬನಿಯನ್ನಿನಲ್ಲಿ ಕೂತು,
ಖಾಕಿ ದಾರ ಸಿಗದೆ ಕಪ್ಪು ದಾರದಲ್ಲಿ
ಕಾಲರು ಹೊಲಿದುಕೊಂಡ. ಸಣ್ಣ ಸಣ್ಣ ಹೊಲಿಗೆ.
ಅಷ್ಟು ನಾಜೂಕು ಕೈ ಅವನದೆಂದು ನನಗೆ ಗೊತ್ತಿರಲಿಲ್ಲ.

ಇದನ್ನೆಲ್ಲ ಬೆರಳುದ್ದದಲ್ಲಿ ಹೇಗೆ ಹಿಡಿಸಲಿ?
ಮೂವತ್ತೇಳು ನಮೂನೆಯಲ್ಲೂ ಬರೆದೆ:
'ನಿದ್ರೆ ಕಡಿಮೆ.'
ಸುಳ್ಳಲ್ಲ. ಯಾರಿಗೂ ಮೆಮೋ ಬರುವುದಿಲ್ಲ.

ಉಳಿದದ್ದು ನನ್ನದು.
ಹೊರಗೆ ಮಂಜಿಯೊಂದು ಹೊರಡುವ ಸದ್ದು.
ವಯರ್‌ಲೆಸ್ಸಿನಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದಾರೆ,
ಆ ಕಡೆಯಿಂದ ಉತ್ತರವಿಲ್ಲ, ಮತ್ತೆ ಕರೆಯುತ್ತಾರೆ.
ಪೆನ್ನು ಅಭ್ಯಾಸದಂತೆ ಎಂ ಎಂದು ಶುರುಮಾಡಿತು.
ಹೊಡೆದು ಹಾಕಿದೆ.
ಪಕ್ಕದಲ್ಲಿ ಬರೆದೆ: ಬಡವು.

ಕಚೇರಿಯಲ್ಲಿ ಓದುವವರು ಘಟ್ಟದ ಮೇಲಿನವರಾದರೆ
ಬಡತನ ಅಂದುಕೊಂಡಾರು.
ಅಂದುಕೊಳ್ಳಲಿ.
ಸಮವಸ್ತ್ರ ಭತ್ಯೆ ನೂರು ರೂಪಾಯಿ ಏರಿದರೆ
ಗಿಲ್ಬರ್ಟಿಗೆ ಒಂದು ಉಂಡೆ ಖಾಕಿ ದಾರ.