ಚುಕ್ಕೆ ಯಾರದು

ಮೊದಲು ಬಲ್ಬು ಅಂದುಕೊಂಡೆ.
ಶಿಡ್ಲಘಟ್ಟದ ಕರೆಂಟು, ಬೆಳಗಿನ ಹೊತ್ತು,
ನೂಲು ತೆಗೆಯುವ ಯಂತ್ರಗಳು ಕುಡಿದು ಬಿಟ್ಟದ್ದು ನಮಗೆ;
ಮಿಣುಕುವುದು ಹೊಸದಲ್ಲ.
ಬಲ್ಬು ಬದಲಿಸಿದೆ. ಹೋಲ್ಡರಿನ ಕಿಲುಬನ್ನು
ಹೇರ್‌ಪಿನ್ನಿನಿಂದ ಕೆರೆದೆ. ಬೆಳಕು ನಿಂತಿತು.
ಚುಕ್ಕೆಯೂ ನಿಂತಿತು, ಅಲ್ಲೇ,
ಗಡಿಯಾರದಲ್ಲಿ ಹತ್ತು ಇರುವ ಜಾಗದಲ್ಲಿ.

ಇಲ್ಲಿ ನನ್ನ ಕೆಲಸ ಇಷ್ಟೇ:
ಮೊಟ್ಟೆಯಿಟ್ಟು ಮುಗಿಸಿದ ತಾಯಿ ಚಿಟ್ಟೆಯನ್ನು
ಕಲ್ಬತ್ತಿನಲ್ಲಿ ಅರೆದು, ಒಂದು ತೊಟ್ಟು ಗಾಜಿಗಿಟ್ಟು,
ಮೈಯಲ್ಲಿ ಗಂಟುರೋಗ ಇತ್ತೇ ಅಂತ ನೋಡುವುದು.
ಇದೆ ಅಂದರೆ ಅವಳ ಮೊಟ್ಟೆಯೆಲ್ಲ ಬೆಂಕಿಗೆ.
ಇಲ್ಲ ಅಂದರೆ ಚಾಕಿ ಮನೆಗೆ.
ಎರಡಕ್ಷರದ ಕೆಲಸ. ಇಪ್ಪತ್ತೆರಡು ವರ್ಷ.

ಈ ಮೈಕ್ರೋಸ್ಕೋಪು ನನಗಿಂತ ಮುಂಚೆ ಸೇರಿದ್ದು.
ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಇಲಾಖೆಯ ನಂಬರು,
ತಿರುಗಣೆಯಲ್ಲಿ ಮುದಿ ಮಂಡಿಯ ಸದ್ದು.
ಕೈಬಿಟ್ಟರೆ ಹಲಗೆ ತಾನಾಗಿ ಇಳಿಯುತ್ತದೆ
ತೂಕಡಿಸುವವರ ಗದ್ದದ ಹಾಗೆ.
ಅದಕ್ಕೇ ಎಡಗೈ ಯಾವಾಗಲೂ ತಿರುಗಣೆಯ ಮೇಲೆ.
ಮನೆಯಲ್ಲಿ ಮುದ್ದೆ ಮುರಿಯುವಾಗಲೂ
ಎಡಗೈ ಏನನ್ನೋ ಹಿಡಿದಿರುತ್ತದೆ ಅಂತ
ಮಗಳು ನಗುತ್ತಾಳೆ.

ಜಬೀವುಲ್ಲಾ ಬಂದ. ನೂಲು ಯಂತ್ರದ ಹಲ್ಲು ಕೂರಿಸುವವನು,
ಹೊಲಿಗೆ ಮಿಷನ್ನು, ತಕ್ಕಡಿ, ಒಮ್ಮೆ ಯಾರದೋ ಹಾರ್ಮೋನಿಯಂ.
ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿ,
‘ಚುಕ್ಕೆ ಯಾರದು ಅಂತ ಮೊದಲು ಕೇಳಬೇಕು ಅಕ್ಕಾ’ ಅಂದ.
‘ಕಣ್ಣಿಡುವ ಗಾಜು ತಿರುಗಿಸಿ.
ಜೊತೆಗೆ ತಿರುಗಿದರೆ ಅದರದ್ದು.’

ತಿರುಗಿತು. ಒರೆಸಿದರೆ ಬಟ್ಟೆಗೆ ಕಪ್ಪು:
ನನ್ನದೇ ರೆಪ್ಪೆಯ ಕಾಡಿಗೆ.
ಇಬ್ಬರೂ ನಕ್ಕೆವು.

ಮಬ್ಬು ಮಾತ್ರ ಹೋಗಲಿಲ್ಲ.
ಕೆಳಗಿನ ಲೆನ್ಸು ಬಿಚ್ಚಿ, ಕಿಟಕಿಗೆ ಹಿಡಿದು,
ಇನ್ನೊಂದು ಗಾಜನ್ನು ತಲೆಕೆಳಗಾಗಿಟ್ಟು ತೋರಿಸಿದ.
ಬೂಜು. ಗೂಡು ಕಟ್ಟಲು ಜಾಗ ಹುಡುಕುವ ಹುಳು
ಮೊದಲು ಎಳೆಯುತ್ತದಲ್ಲ, ಆ ಹುಚ್ಚು ನೂಲು,
ಹಾಗೆ ಹರಡಿತ್ತು, ಗಾಜಿನ ಒಳಗೆ.
‘ಎಷ್ಟು ದಿನದ್ದು?’
‘ದಿನದ್ದಲ್ಲ ಅಕ್ಕಾ. ಎರಡು ಮಳೆಗಾಲದ್ದು.’

ಒಣಗಿ ಬೆಲ್ಲವಾಗಿದ್ದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದ,
ಹೊಸದು ಹಚ್ಚಿದ, ಒಂದು ತಿರುಪು ಬಿಗಿದ.
ಬೂಜನ್ನು ಹತ್ತಿಯಲ್ಲಿ, ಉಸಿರು ಹಿಡಿದು,
ಮಗುವಿನ ಕಿವಿ ಒರೆಸುವಂತೆ ತೆಗೆದ.

ಪರೀಕ್ಷೆಗೆಂದು ಬೆಳಗಿನ ಸ್ಲೈಡೊಂದನ್ನೇ ಇಟ್ಟೆ. ಮೂವತ್ತೊಂದನೆಯದು.
ಇಷ್ಟು ಬೆಳಕಿತ್ತೆಂಬುದು ಮರೆತೇಹೋಗಿತ್ತು.
ಆ ಬೆಳಕಿನಲ್ಲಿ, ಅಕ್ಕಿ ನುಚ್ಚಿನ ಆಕಾರ,
ಹೊಳಪು, ನಿಂತಲ್ಲೇ ಸಣ್ಣ ನಡುಕ.
ಕಣ್ಣಿನ ಗಾಜು ತಿರುಗಿಸಿದೆ. ತಿರುಗಲಿಲ್ಲ.
ಲೆನ್ಸು ಬದಲಿಸಿದೆ. ಹೋಗಲಿಲ್ಲ.
ಕನ್ನಡಿ ಒರೆಸಿದೆ. ಇನ್ನೂ ಚೆನ್ನಾಗಿ ಕಂಡಿತು.
ಸ್ಲೈಡನ್ನು ಒಂದು ಕೂದಲಷ್ಟು ಸರಿಸಿದೆ.
ಜೊತೆಗೆ ಸರಿಯಿತು.

ಅವಳದ್ದೇ.

ರಿಜಿಸ್ಟರಿನಲ್ಲಿ ಮೂವತ್ತೊಂದರ ಮುಂದೆ
ಬೆಳಿಗ್ಗೆ ನಾನೇ ಬರೆದದ್ದು: ಇಲ್ಲ.
ಅದರ ಮೇಲೆ ಇಲ್ಲ, ಮೇಲೆ ಇಲ್ಲ,
ಹಿಂದಿನ ಪುಟ ತುಂಬ ನನ್ನ ಗುಂಡು ಅಕ್ಷರ.
ಹೋದ ಕಾರ್ತೀಕದಲ್ಲಿ ಜಂಗಮಕೋಟೆಯ ಮುನಿನಂಜಮ್ಮ
ತಟ್ಟೆಯನ್ನು ಸೆರಗಿನಡಿ ಮುಚ್ಚಿಕೊಂಡು ಬಂದಿದ್ದಳು:
‘ಮೂರನೇ ಜ್ವರಕ್ಕೆ ಕೂತ ಹುಳ ಏಳಲೇ ಇಲ್ಲಮ್ಮ,
ಒಂದೊಂದು ಒಂದೊಂದು ಗಾತ್ರ.’
ನಾನು ಏನೇನು ಕೇಳಿದ್ದೆ.
ಸೊಪ್ಪು ಒದ್ದೆ ಇತ್ತಾ, ಗಾಳಿ ಆಡುತ್ತಿತ್ತಾ,
ಸುಣ್ಣ ಹೊಡೆದಿದ್ದೆಯಾ, ಕೈ ತೊಳೆದು ಮುಟ್ಟಿದ್ದೆಯಾ.
ಎಲ್ಲದಕ್ಕೂ ಅವಳು ಹೂಂ ಅಂದಿದ್ದಳು.
ಕೊನೆಗೆ, ನನ್ನ ಸಮಾಧಾನಕ್ಕೋ ಏನೋ,
‘ಒಂದಿನ ಸೊಪ್ಪು ಒದ್ದೆ ಇತ್ತೇನೋ’ ಅಂದಿದ್ದಳು.

ಇಲ್ಲ ಹೊಡೆದುಹಾಕಿ ಇದೆ ಅಂತ ಬರೆದೆ.
ಶಾಯಿ ಆರಲಿಲ್ಲ, ಬೇಗ.

ಜಬೀವುಲ್ಲಾ ಕೈ ಒರೆಸಿಕೊಳ್ಳುತ್ತಾ ಕೇಳಿದ:
‘ಸರಿಹೋಯ್ತಾ ಅಕ್ಕಾ?’
‘ಸರಿಹೋಯ್ತು’ ಅಂದೆ.
ಹಲಗೆ ಇಳಿಯಲಿಲ್ಲ, ಇಟ್ಟಲ್ಲೇ ಇತ್ತು.
ಕೆಲಸ ತಪ್ಪಿದ ಎಡಗೈ ಸ್ವಲ್ಪ ಹೊತ್ತು ಸುಮ್ಮನಿದ್ದು
ಬೀರುವಿನ ಮೇಲಿನ ಹಳೆಯ ರಿಜಿಸ್ಟರುಗಳ ಕಡೆ ಹೋಯಿತು.